ರೈತನಿಗೆ ಜೋಡಿ ನಳಿಕೆ, ಅರೆಸ್ವಯಂಚಾಲಿತ ಬಂದೂಕಿಗೆ ದೆಹಲಿಯ ಅಪ್ಪಣೆ

ತುಮಕೂರು: ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕಿನ ರೈತರೊಬ್ಬರು ಬೆಳೆ ರಕ್ಷಣೆಗೆಂದು ಬಂದೂಕಿನ ಪರವಾನಗಿ ಕೋರಿದರೆ ಅವರ ಅರ್ಜಿ ತುಮಕೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲೇ ಇತ್ಯರ್ಥವಾಗುತ್ತದೆ. ಆದರೆ ಅದೇ ಹನ್ನೆರಡು ಬೋರಿನ, ಅದೇ ತೋಟಾ ಹಾರಿಸುವ ಅರೆಸ್ವಯಂಚಾಲಿತ ಬಂದೂಕು ಬೇಕೆಂದರೆ ಜಿಲ್ಲಾಧಿಕಾರಿಗೆ ಪರವಾನಗಿ ನೀಡುವ ಅಧಿಕಾರವೇ ಇಲ್ಲ. ಆ ಕಡತ ಕೇಂದ್ರ ಗೃಹ ಸಚಿವಾಲಯದ ಮುಂದೆ ಹೋಗಬೇಕು. ಎರಡೂ ಬಂದೂಕುಗಳ ನಳಿಕೆಯಿಂದ ಹೊರಡುವ ಸೀಸದ ಚರೆಗಳ ತೂಕ ಒಂದೇ, ವೇಗವೂ ಹೆಚ್ಚು ಕಡಿಮೆ ಒಂದೇ. ಹೀಗಿರುವಾಗ ಕಾನೂನು ಇವೆರಡರ ನಡುವೆ ಇಷ್ಟು ದೊಡ್ಡ ಗೆರೆ ಎಳೆದಿರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಬಂದೂಕಿನ ಹೊಟ್ಟೆಯೊಳಗೆ.

ಈ ಪ್ರಶ್ನೆ ಜಿಲ್ಲೆಗೆ ಹೊಸದೇನಲ್ಲ. 2019ರ ಕೊನೆಯ ತಿಂಗಳುಗಳಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳು ಸಂಧಿಸುವ ಸೀಮೆಯಲ್ಲಿ ಚಿರತೆ ದಾಳಿಗೆ ಒಬ್ಬರಾದ ಮೇಲೊಬ್ಬರು ಬಲಿಯಾದರು. 2020ರ ಜನವರಿಯಲ್ಲಿ ಗುಬ್ಬಿ ತಾಲ್ಲೂಕಿನ ಮಣಿಕುಪ್ಪೆಯಲ್ಲಿ ಬಾಲಕನೊಬ್ಬ, ಫೆಬ್ರುವರಿ ಕೊನೆಯಲ್ಲಿ ಹೆಬ್ಬೂರು ಹೋಬಳಿಯ ಬೈಚೇನಹಳ್ಳಿಯಲ್ಲಿ ಪುಟ್ಟ ಬಾಲಕಿಯೊಬ್ಬಳು ಪ್ರಾಣ ಕಳೆದುಕೊಂಡ ನಂತರ ಚಿರತೆಯನ್ನು ಗುಂಡಿಟ್ಟು ಕೊಲ್ಲಬೇಕೆಂಬ ಆಗ್ರಹ ತೀವ್ರವಾಯಿತು. ಅದಲ್ಲದೆ ರಾಗಿ, ಶೇಂಗಾ, ತೆಂಗು, ಅಡಿಕೆ ಬೆಳೆಯುವ ಈ ಭಾಗದಲ್ಲಿ ಕಾಡುಹಂದಿಯ ಕಾಟ ವರ್ಷವಿಡೀ ಇದ್ದೇ ಇದೆ. ಯಾವ ಬಂದೂಕು ಯಾರ ಕೈಯಲ್ಲಿ ಇರಬಹುದು, ಇದ್ದರೂ ಅದರಿಂದ ಏನು ಮಾಡಬಹುದು ಎಂಬುದನ್ನು ತಿಳಿಯುವುದು ಆದ್ದರಿಂದ ಬರೀ ಕುತೂಹಲದ ಮಾತಲ್ಲ.

'ಹನ್ನೆರಡು ಬೋರು' ಎಂದರೇನು?

ಗುಂಡು ಹಾರಿಸುವ ರೈಫಲ್‌ಗೂ ಚರೆ ಹಾರಿಸುವ ಬಂದೂಕಿಗೂ ಮೂಲಭೂತ ವ್ಯತ್ಯಾಸವಿದೆ. ರೈಫಲ್ ನಳಿಕೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ, ಬಹುದೂರ ಕಳುಹಿಸುತ್ತವೆ. ಚರೆ ಬಂದೂಕಿನ ನಳಿಕೆಯ ಒಳಮೈ ನುಣುಪು. ಅದರ ತೋಟಾದಲ್ಲಿ ಒಂದೇ ಗುಂಡಿನ ಬದಲು ಹಲವು ಸೀಸದ ಚರೆಗಳಿರುತ್ತವೆ. ನಳಿಕೆ ದಾಟಿದ ಕೂಡಲೇ ಅವು ಹರಡಿಕೊಳ್ಳುತ್ತಾ ಸಾಗುತ್ತವೆ. ಹಾರುವ ಹಕ್ಕಿ, ಓಡುವ ಮೊಲದಂಥ ಚಲಿಸುವ ಗುರಿಗಾಗಿಯೇ ರೂಪುಗೊಂಡ ಆಯುಧವಿದು.

ಬೋರಿನ ಲೆಕ್ಕ ಹಳೆಯ ಇಂಗ್ಲಿಷ್ ತೂಕದಿಂದ ಬಂದದ್ದು. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮಭಾಗ ಮಾಡಿ ಉಂಡೆ ಕಟ್ಟಿದರೆ ಒಂದೊಂದು ಉಂಡೆಯ ಅಡ್ಡಳತೆ ಸುಮಾರು 18.5 ಮಿ.ಮೀ. ಆಗುತ್ತದೆ. ಆ ಅಳತೆಯ ನಳಿಕೆಯೇ ಹನ್ನೆರಡು ಬೋರು. ಇಪ್ಪತ್ತು ಭಾಗ ಮಾಡಿದರೆ ಉಂಡೆ ಚಿಕ್ಕದಾಗುವುದರಿಂದ ಇಪ್ಪತ್ತು ಬೋರಿನ ನಳಿಕೆ ಹನ್ನೆರಡಕ್ಕಿಂತ ಕಿರಿದು. ಭಾರತದಲ್ಲಿ ಪರವಾನಗಿ ಪಡೆದ ಬಂದೂಕುಗಳಲ್ಲಿ ಹನ್ನೆರಡು ಬೋರಿನದೇ ದೊಡ್ಡ ಪಾಲು. ಪುಣೆ ಸಮೀಪದ ಖಡಕಿಯ ಸರ್ಕಾರಿ ಮದ್ದುಗುಂಡು ಕಾರ್ಖಾನೆಯಲ್ಲಿ ತಯಾರಾಗುವ 'ಶಕ್ತಿಮಾನ್' ತೋಟಾಗಳು ಈ ವರ್ಗದ ಬಳಕೆದಾರರಿಗೆಲ್ಲ ಪರಿಚಿತ. ಚರೆಯ ಗಾತ್ರಕ್ಕೆ ತಕ್ಕಂತೆ ತೋಟಾದ ಮೇಲೆ ಎಲ್‌ಜಿ, ಎಸ್‌ಜಿ, ಬಿಬಿ ಎಂಬ ಅಕ್ಷರಗಳೋ 4, 6 ಎಂಬ ಅಂಕಿಗಳೋ ಇರುತ್ತವೆ. ಎಲ್‌ಜಿ, ಎಸ್‌ಜಿಗಳಲ್ಲಿ ಬೆರಳೆಣಿಕೆಯಷ್ಟು ದಪ್ಪ ಚರೆಗಳಿದ್ದರೆ, ಅಂಕಿ ಏರಿದಂತೆ ಚರೆ ಸಣ್ಣದಾಗುತ್ತದೆ, ಸಂಖ್ಯೆ ಹೆಚ್ಚುತ್ತದೆ.

ಚರೆ ಎಷ್ಟು ಹರಡಬೇಕೆಂಬುದನ್ನು ನಿರ್ಧರಿಸುವುದು ನಳಿಕೆಯ ಬಾಯಿಯಲ್ಲಿರುವ 'ಚೋಕ್' ಎಂಬ ಕಿರಿದಾದ ಭಾಗ. ಅತಿ ಬಿಗಿಯಾದ 'ಫುಲ್ ಚೋಕ್' ಇದ್ದರೆ 40 ಗಜ ದೂರದಲ್ಲಿ 30 ಅಂಗುಲ ಅಡ್ಡಳತೆಯ ವೃತ್ತದೊಳಗೆ ಶೇ 70ರಷ್ಟು ಚರೆಗಳು ಬೀಳಬೇಕೆಂಬುದು ಹಿಂದಿನಿಂದ ಬಂದ ಮಾನದಂಡ. ಅಲ್ಲಿಂದಾಚೆಗೆ ಚರೆಗಳು ಚದುರಿ, ವೇಗ ಕಳೆದುಕೊಂಡು ದುರ್ಬಲವಾಗುತ್ತವೆ. ಈ ಮಿತಿ ಒಂಟಿ ನಳಿಕೆಗೂ ಅರೆಸ್ವಯಂಚಾಲಿತ ಬಂದೂಕಿಗೂ ಸಮಾನ. ದುಬಾರಿ ಯಂತ್ರ ಕೊಂಡ ಮಾತ್ರಕ್ಕೆ ಚರೆ ಹೆಚ್ಚು ದೂರ ಹೋಗುವುದಿಲ್ಲ.

ಮುರಿದು ತುಂಬುವುದು, ಎಳೆದು ತುಂಬುವುದು

ನಮ್ಮ ಕಡೆ ಸಾಮಾನ್ಯವಾಗಿ ಕಾಣಸಿಗುವುದು ಒಂಟಿ ನಳಿಕೆ ಮತ್ತು ಜೋಡಿ ನಳಿಕೆಯ ಬಂದೂಕುಗಳು. ಕೀಲಿನಲ್ಲಿ ಬಾಗಿಸಿದರೆ ನಳಿಕೆಯ ಹಿಂಭಾಗ ತೆರೆದುಕೊಳ್ಳುತ್ತದೆ. ತೋಟಾ ಇಟ್ಟು ಮುಚ್ಚಿದರೆ ಬಂದೂಕು ಸಿದ್ಧ. ಹಾರಿಸಿದ ಮೇಲೆ ಮತ್ತೆ ಬಾಗಿಸಿ ಖಾಲಿ ತೋಟಾ ತೆಗೆದು ಹೊಸದನ್ನು ಇಡಬೇಕು. ಬ್ಯಾಂಕುಗಳ ಕಾವಲುಗಾರರ ಹೆಗಲಲ್ಲಿರುವುದೂ ಬಹುಮಟ್ಟಿಗೆ ಇಂಥದ್ದೇ. ಜಮ್ಮು ಹಾಗೂ ಬಿಹಾರದ ಮುಂಗೇರ್‌ನ ಕಾರ್ಖಾನೆಗಳು ಈ ಬಗೆಯ ಬಂದೂಕುಗಳಿಗೆ ಹೆಸರಾಗಿವೆ.

ಮುಂದಿನ ಹಂತ 'ಪಂಪ್ ಆಕ್ಷನ್'. ಇದರಲ್ಲಿ ನಳಿಕೆಯ ಕೆಳಗಿನ ಕೊಳವೆಯಲ್ಲಿ ಹಲವು ತೋಟಾಗಳು ಸಾಲಾಗಿ ಕುಳಿತಿರುತ್ತವೆ. ಮುಂಗೈ ಹಿಡಿಯನ್ನು ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಸೇರುತ್ತದೆ. ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ರೈಫಲ್ ಕಾರ್ಖಾನೆ ಹನ್ನೆರಡು ಬೋರಿನ ಪಂಪ್ ಆಕ್ಷನ್ ಬಂದೂಕನ್ನು ನಾಗರಿಕರಿಗಾಗಿ ತಯಾರಿಸಿದೆ. ನೋಟಕ್ಕೆ ಅರೆಸ್ವಯಂಚಾಲಿತದಂತೆಯೇ ಇದ್ದರೂ ಇದು ಆ ವರ್ಗಕ್ಕೆ ಸೇರದು. ಪ್ರತಿ ಬಾರಿಯೂ ಹೊಸ ತೋಟಾ ತುಂಬಲು ಮನುಷ್ಯನ ಕೈಯೇ ದುಡಿಯಬೇಕು.

ತಾನೇ ತುಂಬಿಕೊಳ್ಳುವ ಯಂತ್ರ

ಅರೆಸ್ವಯಂಚಾಲಿತ ಬಂದೂಕಿನಲ್ಲಿ ಆ ಕೈಕೆಲಸವನ್ನು ಸಿಡಿತದ ಶಕ್ತಿಯೇ ಮಾಡುತ್ತದೆ. ಒಮ್ಮೆ ಟ್ರಿಗರ್ ಎಳೆದರೆ ಒಂದೇ ಈಡು ಹಾರುತ್ತದೆ. ಆದರೆ ಅದು ಹಾರಿದ ಕ್ಷಣಾರ್ಧದಲ್ಲಿ ಖಾಲಿ ತೋಟಾ ಹೊರಗೆಸೆಯಲ್ಪಟ್ಟು, ಮುಂದಿನದು ತಾನಾಗಿಯೇ ನಳಿಕೆಯ ಬುಡ ಸೇರುತ್ತದೆ. ಮತ್ತೊಮ್ಮೆ ಹಾರಿಸಲು ಟ್ರಿಗರನ್ನು ಬಿಟ್ಟು ಪುನಃ ಎಳೆದರೆ ಸಾಕು. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಸುರಿಸುವ ಪೂರ್ಣ ಸ್ವಯಂಚಾಲಿತ ಆಯುಧ ಇದಲ್ಲ. ಇವೆರಡನ್ನೂ 'ಆಟೊಮ್ಯಾಟಿಕ್' ಎಂಬ ಒಂದೇ ಪದದಿಂದ ಕರೆಯುವ ರೂಢಿಯಿಂದ ಗೊಂದಲ ಹುಟ್ಟಿದೆ.

ಗೊಂದಲದ ಬೇರು ಹಳೆಯದು. ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್ ಎಂಬ ಆಯುಧ ವಿನ್ಯಾಸಕ 1898ರಲ್ಲಿ ರೂಪಿಸಿ, 1900ರಲ್ಲಿ ಪೇಟೆಂಟ್ ಪಡೆದ ಬಂದೂಕು ಜಗತ್ತಿನ ಮೊದಲ ಯಶಸ್ವಿ ಅರೆಸ್ವಯಂಚಾಲಿತ ಚರೆ ಬಂದೂಕು. ಬೆಲ್ಜಿಯಂನ ಎಫ್‌ಎನ್ ಸಂಸ್ಥೆ ಅದನ್ನು 1902ರಿಂದ ತಯಾರಿಸತೊಡಗಿತು. ಕೊಳವೆಯಲ್ಲಿ ನಾಲ್ಕು, ನಳಿಕೆಯಲ್ಲಿ ಒಂದು, ಒಟ್ಟು ಐದು ತೋಟಾ ಹಿಡಿಯುತ್ತಿದ್ದುದರಿಂದ ಅದಕ್ಕೆ 'ಆಟೊ-5' ಎಂಬ ಹೆಸರು ಬಿತ್ತು. 1990ರ ದಶಕದ ಕೊನೆಯವರೆಗೂ ಅದರ ತಯಾರಿಕೆ ನಡೆಯಿತು.

ಸಿಡಿತದ ಶಕ್ತಿಯನ್ನು ದುಡಿಸಿಕೊಳ್ಳುವ ವಿಧಾನಗಳು ಮುಖ್ಯವಾಗಿ ಮೂರು.

ಮೊದಲನೆಯದು ಬ್ರೌನಿಂಗ್‌ನ ಹಿನ್ನೂಕು ವಿಧಾನ. ಬಂದೂಕು ಹಾರಿದಾಗ ಹೆಗಲಿಗೆ ಬೀಳುವ ಒದೆತವೇ ಇಲ್ಲಿ ಇಂಧನ. ನಳಿಕೆಯೂ ಅದರ ಹಿಂಬದಿ ಮುಚ್ಚುವ ಬೋಲ್ಟೂ ಒಂದಕ್ಕೊಂದು ಬೆಸೆದುಕೊಂಡೇ ಹಿಂದಕ್ಕೆ ಜಾರುತ್ತವೆ. ಬಳಿಕ ನಳಿಕೆ ಮಾತ್ರ ಸ್ಪ್ರಿಂಗ್ ಬಲದಿಂದ ಮುಂದಕ್ಕೆ ಹೋಗುತ್ತದೆ, ಖಾಲಿ ತೋಟಾ ಹೊರಬೀಳುತ್ತದೆ. ಕೊನೆಗೆ ಬೋಲ್ಟ್ ಹೊಸ ತೋಟಾವನ್ನು ತಳ್ಳಿಕೊಂಡು ಮುಂದೆ ಬರುತ್ತದೆ. ನಳಿಕೆಯೇ ಓಡಾಡುವುದರಿಂದ ಹೆಗಲಿಗೆ ಎರಡೆರಡು ಬಾರಿ ಕುಲುಕಿದ ಅನುಭವವಾಗುತ್ತದೆ.

ಎರಡನೆಯದು ಅನಿಲ ವಿಧಾನ. ನಳಿಕೆಯಲ್ಲಿ ಕೊರೆದ ಸಣ್ಣ ರಂಧ್ರಗಳ ಮೂಲಕ ಸಿಡಿಮದ್ದಿನ ಅನಿಲದ ಅಲ್ಪಭಾಗ ಹೊರಬಂದು ಪಿಸ್ಟನ್ ಒಂದನ್ನು ಹಿಂದಕ್ಕೆ ತಳ್ಳುತ್ತದೆ. ಆ ಪಿಸ್ಟನ್ ಬೋಲ್ಟನ್ನು ತೆರೆಯುತ್ತದೆ. 1963ರಲ್ಲಿ ಬಂದ ಅಮೆರಿಕದ ರೆಮಿಂಗ್ಟನ್ 1100 ಈ ವಿಧಾನವನ್ನು ಜನಪ್ರಿಯಗೊಳಿಸಿತು. ಶಕ್ತಿಯ ಒಂದು ಪಾಲು ಯಂತ್ರದಲ್ಲೇ ವ್ಯಯವಾಗಿ, ಒದೆತ ದೀರ್ಘ ಕಾಲಕ್ಕೆ ಹಂಚಿಹೋಗುವುದರಿಂದ ಹೆಗಲಿಗೆ ನೋವು ಕಡಿಮೆ. ಆದರೆ ಅನಿಲದ ಜೊತೆ ಮಸಿಯೂ ಬರುವುದರಿಂದ ಪಿಸ್ಟನ್ ಮತ್ತು ರಂಧ್ರಗಳನ್ನು ಆಗಾಗ ಶುಚಿಗೊಳಿಸದಿದ್ದರೆ ಬಂದೂಕು ಕೈಕೊಡುತ್ತದೆ.

ಮೂರನೆಯದು ಇಟಲಿಯ ಬೆನೆಲಿ ಸಂಸ್ಥೆ ಪ್ರಸಿದ್ಧಿಗೆ ತಂದ ಜಡತ್ವ ವಿಧಾನ. ಬಂದೂಕು ಒದ್ದಾಗ ಇಡೀ ಬಂದೂಕು ಹಿಂದೆ ಸರಿಯುತ್ತದೆ. ಒಳಗಿನ ಭಾರವಾದ ಬೋಲ್ಟ್ ಮಾತ್ರ, ಬಸ್ಸು ಹಠಾತ್ತನೆ ಹೊರಟಾಗ ನಿಂತ ಪ್ರಯಾಣಿಕ ಹಿಂದುಳಿಯುವಂತೆ, ಇದ್ದಲ್ಲೇ ಉಳಿಯುತ್ತದೆ. ಇವೆರಡರ ನಡುವೆ ಸಿಕ್ಕಿದ ಬಿಗಿಯಾದ ಸ್ಪ್ರಿಂಗ್ ಅದುಮಲ್ಪಟ್ಟು, ಮರುಕ್ಷಣ ಬಿಚ್ಚಿಕೊಂಡು ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಬಿಡಿಭಾಗಗಳು ಕಡಿಮೆ, ಮಸಿಯ ಕಾಟವೂ ಕಡಿಮೆ. ಆದರೆ ತೀರಾ ಹಗುರ ತೋಟಾ ಹಾಕಿದರೆ ಯಂತ್ರ ಚಲಿಸಲು ಬೇಕಾದಷ್ಟು ಒದೆತ ಸಿಗದೆ ಹೋಗಬಹುದು.

ಈ ಮೂರಕ್ಕೂ ಸಾಮಾನ್ಯವಾದ ಗುಣವೊಂದಿದೆ. ತೋಟಾ ಸಪ್ಪೆಯಾದರೆ, ಒದ್ದೆಯಾದರೆ, ಅಳತೆ ತಪ್ಪಿದರೆ ಯಂತ್ರ ನಡುವೆ ಸಿಕ್ಕಿಕೊಳ್ಳುತ್ತದೆ. ಬಾಗಿಸಿ ತುಂಬುವ ಜೋಡಿ ನಳಿಕೆಗೆ ಈ ರಗಳೆ ಇಲ್ಲ. ಒಂದು ತೋಟಾ ಸಿಡಿಯದಿದ್ದರೂ ಇನ್ನೊಂದು ನಳಿಕೆ ಸಿದ್ಧವಿರುತ್ತದೆ.

ಬಳಕೆ ಎಲ್ಲೆಲ್ಲಿ?

ವಿದೇಶಗಳಲ್ಲಿ ಅರೆಸ್ವಯಂಚಾಲಿತ ಚರೆ ಬಂದೂಕಿನ ಮುಖ್ಯ ಬಳಕೆ ನೀರುಹಕ್ಕಿಗಳ ಬೇಟೆಯಲ್ಲಿ. ಅಲ್ಲಿಯೂ ಕಾನೂನು ಅದರ ಹೊಟ್ಟೆಯನ್ನು ಕುಗ್ಗಿಸಿದೆ. ವಲಸೆ ಹಕ್ಕಿಗಳ ಬೇಟೆಗೆ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯುವ ಬಂದೂಕು ಬಳಸಕೂಡದೆಂದು ಅಮೆರಿಕ 1935ರಲ್ಲೇ ನಿಯಮ ಮಾಡಿತು. ಪೊಲೀಸ್ ಹಾಗೂ ಸೇನೆಗಳಲ್ಲೂ ಇದರ ಬಳಕೆ ಇದೆ. ಬೆನೆಲಿಯ ಎಂ4 ಮಾದರಿಯನ್ನು ಅಮೆರಿಕದ ನೌಕಾ ಪದಾತಿದಳ ಅಂಗೀಕರಿಸಿದೆ.

ಕ್ರೀಡೆಯಲ್ಲಿ ಚಿತ್ರ ಬೇರೆ. ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ ಹಾರುವ ಮಣ್ಣಿನ ತಟ್ಟೆಗಳನ್ನು ಒಡೆಯಬೇಕು. ತೋಟಾದಲ್ಲಿ ಚರೆಯ ತೂಕ 24 ಗ್ರಾಂ ಎಂಬ ಮಿತಿ ಇದೆ. ಅಂತರರಾಷ್ಟ್ರೀಯ ಶೂಟಿಂಗ್ ನಿಯಮಗಳು ಅರೆಸ್ವಯಂಚಾಲಿತ ಬಂದೂಕಿಗೆ ಅವಕಾಶ ನೀಡಿ, ಪಂಪ್ ಆಕ್ಷನ್ ಅನ್ನು ಹೊರಗಿಟ್ಟಿವೆ. ಆದರೂ ಉನ್ನತ ಮಟ್ಟದ ಸ್ಪರ್ಧಿಗಳ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ಒಂದರ ಮೇಲೊಂದು ನಳಿಕೆಯಿರುವ, ಬಾಗಿಸಿ ತುಂಬುವ ಬಂದೂಕೇ. ಒಂದು ತಟ್ಟೆಗೆ ಎರಡಕ್ಕಿಂತ ಹೆಚ್ಚು ಈಡು ಬೇಕಾಗುವುದಿಲ್ಲ. ಎರಡು ನಳಿಕೆಗೆ ಎರಡು ಬಗೆಯ ಚೋಕ್ ಇಟ್ಟುಕೊಳ್ಳಬಹುದು. ಖಾಲಿ ತೋಟಾ ಸಿಡಿದು ಪಕ್ಕದವರಿಗೆ ತಗಲುವುದಿಲ್ಲ. ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ (2004) ರಾಜ್ಯವರ್ಧನ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದ ಮೇಲೆ ಈ ಕ್ರೀಡೆ ಭಾರತದಲ್ಲಿ ಮನೆಮಾತಾಯಿತು.

ಕಾನೂನು ಎಳೆದ ಗೆರೆ

1959ರ ಆಯುಧ ಕಾಯ್ದೆ ಹಾಗೂ ಅದರಡಿ 2016ರಲ್ಲಿ ಹೊಸದಾಗಿ ರಚಿತವಾದ ನಿಯಮಗಳು ಆಯುಧಗಳನ್ನು ವರ್ಗಗಳಾಗಿ ವಿಂಗಡಿಸಿವೆ. ಪೂರ್ಣ ಸ್ವಯಂಚಾಲಿತ ಆಯುಧಗಳು ನಿಷೇಧಿತ. ಅರೆಸ್ವಯಂಚಾಲಿತ ಉದ್ದ ಬಂದೂಕುಗಳು ಮತ್ತು 20 ಅಂಗುಲಕ್ಕಿಂತ ಗಿಡ್ಡ ನಳಿಕೆಯ ಚರೆ ಬಂದೂಕುಗಳು 'ನಿರ್ಬಂಧಿತ' ವರ್ಗದಲ್ಲಿವೆ. ಇವಕ್ಕೆ ಪರವಾನಗಿ ನೀಡುವ ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದು. ಒಂಟಿ ನಳಿಕೆ, ಜೋಡಿ ನಳಿಕೆ, ಪಂಪ್ ಆಕ್ಷನ್ ಬಂದೂಕುಗಳು ಜಿಲ್ಲಾ ದಂಡಾಧಿಕಾರಿಯ ವ್ಯಾಪ್ತಿಗೆ ಬರುತ್ತವೆ. ವಿಚಿತ್ರವೆಂದರೆ, ತಾನೇ ತುಂಬಿಕೊಳ್ಳುವ ಸಾಧಾರಣ ಬೋರಿನ ಪಿಸ್ತೂಲಿಗೆ ಜಿಲ್ಲಾ ಮಟ್ಟದಲ್ಲೇ ಪರವಾನಗಿ ಸಾಧ್ಯ. ಅದೇ ಬಗೆಯ ಯಂತ್ರವಿರುವ ಚರೆ ಬಂದೂಕಿಗೆ ಸಾಧ್ಯವಿಲ್ಲ.

ರೈತನ ವಿಷಯದಲ್ಲಿ ಕಾಯ್ದೆ ಇನ್ನೂ ಸ್ಪಷ್ಟ. ಬೆಳೆ ರಕ್ಷಣೆಗೆ ಕಾಯ್ದೆಯ 13ನೇ ಕಲಂ ಮೊದಲು ಸೂಚಿಸುವುದು ನಳಿಕೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆಯ ಬಂದೂಕನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಕೆಯ ಬೇರೆ ಚರೆ ಬಂದೂಕಿಗೆ ಪರವಾನಗಿ ನೀಡಬಹುದು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು, ಬಂದೂಕನ್ನು ಸುರಕ್ಷಿತವಾಗಿಡುವ ವ್ಯವಸ್ಥೆ ಇರಬೇಕು. 2019ರ ತಿದ್ದುಪಡಿ ಒಬ್ಬರು ಹೊಂದಬಹುದಾದ ಆಯುಧಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂಬುದೂ ಆ ತಿದ್ದುಪಡಿಯಲ್ಲಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ತುಮಕೂರು ಜಿಲ್ಲೆಯ ರೈತರಿಗೆ ಅನ್ವಯಿಸದು.

ಭಾರತ ಮಾತ್ರ ಹೀಗೆ ಗೆರೆ ಎಳೆದಿದೆ ಎಂದೇನಿಲ್ಲ. 1987ರ ಹಂಗರ್‌ಫರ್ಡ್ ಹತ್ಯಾಕಾಂಡದ ನಂತರ ಬ್ರಿಟನ್, 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಆಸ್ಟ್ರೇಲಿಯಾ, 2019ರ ಕ್ರೈಸ್ಟ್‌ಚರ್ಚ್ ದಾಳಿಯ ನಂತರ ನ್ಯೂಜಿಲೆಂಡ್ ಇಂಥ ಆಯುಧಗಳನ್ನು ಬಿಗಿಗೊಳಿಸಿದವು. ಆದರೆ ಆಸ್ಟ್ರೇಲಿಯಾದಲ್ಲಿ ಅಗತ್ಯ ಸಾಬೀತುಪಡಿಸಿದ ಕೃಷಿಕರಿಗೆ ಐದು ತೋಟಾದ ಮಿತಿಯೊಳಗಿನ ಅರೆಸ್ವಯಂಚಾಲಿತ ಚರೆ ಬಂದೂಕು ಸಿಗಬಲ್ಲದು. ನ್ಯೂಜಿಲೆಂಡ್ ಕೂಡ ಐದು ತೋಟಾದ ಕೊಳವೆಯ ಮಾದರಿಗಳಿಗೆ ವಿನಾಯಿತಿ ಉಳಿಸಿತು. ಎಲ್ಲ ಕಡೆಯೂ ಕಾನೂನು ಅಳೆಯುತ್ತಿರುವುದು ಒಂದನ್ನೇ: ಕೈ ಬಿಡುವು ಪಡೆಯದೆ ಎಷ್ಟು ಈಡು ಹಾರಿಸಬಹುದು ಎಂಬುದನ್ನು.

ಪರವಾನಗಿ ಇದ್ದರೆ ಬೇಟೆಗೆ ಅನುಮತಿಯೇ?

ಹಳ್ಳಿಗಳಲ್ಲಿ ಬಲವಾಗಿ ಬೇರೂರಿರುವ ತಪ್ಪು ತಿಳಿವಳಿಕೆ ಇದೇ. ಬಂದೂಕಿನ ಪರವಾನಗಿ ಆಯುಧ ಕಾಯ್ದೆಯದು. ಪ್ರಾಣಿಯ ಜೀವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದ್ದು. ಮೊದಲನೆಯದು ಕೈಯಲ್ಲಿದ್ದ ಮಾತ್ರಕ್ಕೆ ಎರಡನೆಯದನ್ನು ಮೀರುವಂತಿಲ್ಲ. ಬೆಳೆ ರಕ್ಷಣೆಯ ಬಂದೂಕಿನಿಂದ ಸದ್ದು ಮಾಡಿ ಪ್ರಾಣಿಗಳನ್ನು ಬೆದರಿಸಬಹುದೇ ಹೊರತು, ಅನುಮತಿಯಿಲ್ಲದೆ ಕಾಡುಹಂದಿಯನ್ನೂ ಕೊಲ್ಲುವಂತಿಲ್ಲ.

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಅದು ಮನುಷ್ಯರ ಜೀವಕ್ಕೆ ಅಥವಾ ಹೊಲದಲ್ಲಿ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರಿಂದ ಅಧಿಕಾರ ಪಡೆದವರಿಗೆ ಮನವರಿಕೆಯಾದರೆ, ಕಾರಣ ನಮೂದಿಸಿ ಲಿಖಿತ ಅನುಮತಿ ನೀಡಬಹುದು. ಚಿರತೆ, ಕರಡಿ, ನವಿಲು ಮೊದಲನೇ ಅನುಸೂಚಿಯಲ್ಲಿವೆ. ಇಲ್ಲಿ ಬೆಳೆ ನಷ್ಟ ಕಾರಣವಾಗಲಾರದು. ಮುಖ್ಯ ವನ್ಯಜೀವಿ ಪರಿಪಾಲಕರು ಮಾತ್ರ ಆದೇಶ ಹೊರಡಿಸಬಲ್ಲರು. ಸೆರೆ ಹಿಡಿಯುವುದು, ಅರಿವಳಿಕೆ ನೀಡುವುದು, ಸ್ಥಳಾಂತರಿಸುವುದು ಯಾವುದೂ ಸಾಧ್ಯವಿಲ್ಲವೆಂದು ಖಚಿತವಾಗದೆ ಕೊಲ್ಲುವ ಆದೇಶ ನೀಡುವಂತಿಲ್ಲ. 2020ರಲ್ಲಿ ಅರಣ್ಯ ಇಲಾಖೆ ಬೋನು ಮತ್ತು ಕ್ಯಾಮೆರಾಗಳನ್ನು ಮೊದಲು ಇಟ್ಟದ್ದು ಈ ಕಾರಣಕ್ಕೆ. ಪ್ರಾಣಿ ಮೈಮೇಲೆ ಎರಗಿದಾಗ ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದುದ್ದೇಶದಿಂದ ಅದನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅಪರಾಧವಾಗದು. ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು.

ಚಿರತೆಯ ವಿಷಯದಲ್ಲಿ ಕಾನೂನಿಗಿಂತ ಮೊದಲು ಎದುರಾಗುವುದು ಚರೆಯ ಮಿತಿ. ರಾತ್ರಿ ವೇಳೆ, ಟಾರ್ಚ್ ಬೆಳಕಿನಲ್ಲಿ, ದೂರದ ಪೊದೆಯತ್ತ ಹಾರಿಸಿದ ಚರೆ ಪ್ರಾಣಿಯನ್ನು ಕೊಲ್ಲದೆ ಗಾಯಗೊಳಿಸುವ ಸಂಭವವೇ ಹೆಚ್ಚು. ಸಹಜ ಬೇಟೆಯಾಡಲಾರದ ಗಾಯಾಳು ಚಿರತೆ ಊರಿಗೆ ಇನ್ನಷ್ಟು ಅಪಾಯಕಾರಿ. ಐದು ಈಡು ಹಾರಿಸುವ ಯಂತ್ರ ಈ ಅಪಾಯವನ್ನು ಐದು ಪಟ್ಟು ಮಾಡಬಲ್ಲದೇ ಹೊರತು ತಗ್ಗಿಸದು. ಹರಡುವ ಚರೆಗೆ ಪೊದೆಯಾಚೆಗಿನ ತೋಟದಲ್ಲಿ ನೀರು ಕಟ್ಟುತ್ತಿರುವ ಮನುಷ್ಯನೂ ಕಾಣಿಸುವುದಿಲ್ಲ.

ಪರವಾನಗಿ ಇಲ್ಲದ ನಾಡಬಂದೂಕಿನ ಅಪಾಯವಂತೂ ಬೇರೆಯೇ. ಸಾಧಾರಣ ಕಬ್ಬಿಣದ ಕೊಳವೆಯಿಂದ ಮಾಡಿದ ನಳಿಕೆ ಮದ್ದಿನ ಒತ್ತಡ ತಾಳದೆ ಹಾರಿಸಿದವರ ಕೈಯಲ್ಲೇ ಸಿಡಿಯಬಹುದು. ಅಕ್ರಮವಾಗಿ ಬಂದೂಕು ತಯಾರಿಸಿದರೆ ಕನಿಷ್ಠ ಏಳು ವರ್ಷ ಸೆರೆವಾಸ.

ಖಾಲಿಯೆಂದು ಕಾಣುವುದು ಮುಖ್ಯ

ಜೋಡಿ ನಳಿಕೆಯ ಬಂದೂಕನ್ನು ಬಾಗಿಸಿ ತೋಳಿನ ಮೇಲೆ ಇಟ್ಟುಕೊಂಡವರನ್ನು ಕಂಡರೆ ಅದು ಹಾರಲಾರದೆಂದು ಹತ್ತು ಮಾರು ದೂರದಲ್ಲಿರುವವರಿಗೂ ಗೊತ್ತಾಗುತ್ತದೆ. ಎರಡು ಈಡು ಮುಗಿದ ಮೇಲೆ ಅದು ಸಹಜವಾಗಿಯೇ ಖಾಲಿ. ಅರೆಸ್ವಯಂಚಾಲಿತ ಬಂದೂಕು ಇದಕ್ಕೆ ವಿರುದ್ಧ. ಒಂದು ಈಡು ಹಾರಿದ ಮೇಲೆ ಅದು ಸಹಜವಾಗಿಯೇ ಮತ್ತೆ ತುಂಬಿರುತ್ತದೆ. ಕೊಳವೆಯಲ್ಲಿ ಎಷ್ಟು ಉಳಿದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಹೊರಗೆ ಬಿದ್ದ ಖಾಲಿ ತೋಟಾ ನೋಡಿ ಬಂದೂಕೂ ಖಾಲಿಯೆಂದು ಭಾವಿಸಿದರೆ ಅನಾಹುತ ಖಚಿತ. ಆದ್ದರಿಂದಲೇ ಶೂಟಿಂಗ್ ಅಂಕಣಗಳಲ್ಲಿ ಬೋಲ್ಟ್ ತೆರೆದಿಟ್ಟು, ನಳಿಕೆಯ ಬುಡ ಖಾಲಿಯಿದೆ ಎಂದು ಕಾಣುವಂತೆ ಮಾಡಿದ ಮೇಲೆಯೇ ಇಂಥ ಬಂದೂಕನ್ನು ಕೈಬದಲಾಯಿಸುತ್ತಾರೆ.

ಮಕ್ಕಳು, ವೃದ್ಧರು, ಆಳುಕಾಳುಗಳು ಓಡಾಡುವ ತೋಟದ ಮನೆಯಲ್ಲಿ ಬಂದೂಕು ಗೋಡೆಯ ಮೂಲೆಗೆ ಒರಗಿರುವುದು ಅಪರೂಪವೇನಲ್ಲ. ಅಂಥ ಕಡೆ ತಾನು ತುಂಬಿದೆಯೋ ಖಾಲಿಯೋ ಎಂಬುದನ್ನು ತೋರಿಸಿಕೊಳ್ಳುವ ಬಂದೂಕಿಗೂ, ಮುಚ್ಚಿಡುವ ಬಂದೂಕಿಗೂ ಇರುವ ಅಂತರ ಸಣ್ಣದಲ್ಲ. ಯಾವ ಬಂದೂಕೇ ಆಗಲಿ, ಮನೆಗೆ ಬಂದ ಕೂಡಲೇ ತೋಟಾ ತೆಗೆದು, ಬಂದೂಕನ್ನೂ ತೋಟಾಗಳನ್ನೂ ಬೇರೆ ಬೇರೆ ಬೀಗದಡಿ ಇಡುವುದು ಮೊದಲ ಕರ್ತವ್ಯ.

ಕಾಡುಪ್ರಾಣಿಗಳಿಂದ ಬೆಳೆ ಹಾನಿಯಾದವರು ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಡಿ ಅರ್ಜಿ ಸಲ್ಲಿಸಲು ಅವಕಾಶವಿದೆ. ಇದಕ್ಕಾಗಿ ವಲಯ ಅರಣ್ಯಾಧಿಕಾರಿ ಕಚೇರಿಯನ್ನು ಸಂಪರ್ಕಿಸಬಹುದು. ಚಿರತೆ ಕಾಣಿಸಿಕೊಂಡರೆ ಗುಂಪುಗೂಡಿ ಬೆನ್ನಟ್ಟದೆ ಅದೇ ಕಚೇರಿಗೆ ತಕ್ಷಣ ತಿಳಿಸುವುದು ಕ್ಷೇಮ.